ಫೋಟೋದ ಹಿಂದಿನ ಚೀಟಿ

ಮಾಣಿಕ ಕಾಕಾ,

ಮೊದಲು ‘ನಮಸ್ಕಾರ’ ಎಂದು ಬರೆದೆ, ಆಮೇಲೆ ಹೊಡೆದುಹಾಕಿದೆ. ನಿಮಗೆ ನಾನು ಯಾವತ್ತು ನಮಸ್ಕಾರ ಹೇಳಿದ್ದೆ? ಅಂಗಡಿಯ ಮೆಟ್ಟಿಲು ಹತ್ತುತ್ತಲೇ ‘ಚಹಾ ಆಯ್ತೇನ್ರಿ ಕಾಕಾ’ ಅನ್ನುವುದೇ ನಮ್ಮ ನಮಸ್ಕಾರವಾಗಿತ್ತು. ಇವತ್ತು ಮಧ್ಯಾಹ್ನ ಒಳಗೆ ಕಾಲಿಡುವಾಗಲೂ ಬಾಯಿ ತಪ್ಪಿ ಅದೇ ಬಂತು. ನಿಮ್ಮ ಸೊಸೆ ರೇಣುಕಾ ಎರಡು ಕಪ್ ಚಹಾ ತಂದಿಟ್ಟಳು. ಒಂದು ನನ್ನ ಮುಂದೆ, ಒಂದು ನಿಮ್ಮ ಕುರ್ಚಿಯ ಮುಂದೆ. ಎರಡನೆಯದನ್ನು ಯಾರೂ ಮುಟ್ಟಲಿಲ್ಲ. ಈಗ ನೋಡಿದರೆ ಅದರ ಮೇಲೆ ಕೆನೆ ಕಟ್ಟಿದೆ.

ನಿಮ್ಮ ಕೆಲಸದ ಮೇಜಿನ ಮೇಲೆ ಈ ಹೊತ್ತು ಅಂಗಾತ ಮಲಗಿರುವುದು ನನ್ನ ಫೋಟೋ. ನಾಳೆ ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ನನಗೆ ಸನ್ಮಾನ. ಹುಮನಾಬಾದಿನ ಒಂದು ವಾರ್ಡಿನ ಸದಸ್ಯೆಯಾಗಿದ್ದವಳು ದಿಲ್ಲಿಯ ಲೋಕಸಭೆಗೆ ಹೋದಳಲ್ಲ, ಅದಕ್ಕೆ. ಕಾರ್ಯಕರ್ತರು ನನ್ನದೇ ಫೋಟೋ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನನಗೇ ಕೊಡುತ್ತಾರಂತೆ. ರೇಣುಕಾ ಗಾಜು ಕೂರಿಸಿದ್ದಾಳೆ. ಹಿಂದಿನ ರಟ್ಟಿಗೆ ಮೊಳೆ ಹೊಡೆಯುವುದೊಂದು ಬಾಕಿ. ಅದನ್ನು ಈಗಲೇ ಹೊಡೆಯಬೇಡ ಎಂದು ಹೇಳಿದ್ದೇನೆ. ಯಾಕೆ ಎಂದು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ನಾನು ಮೊದಲ ಸಲ ಈ ಅಂಗಡಿಗೆ ಬಂದ ದಿನ ನೆನಪಿದೆಯೇ? ಅಪ್ಪ ತೀರಿಕೊಂಡು ಒಂಬತ್ತು ದಿನವಾಗಿತ್ತು. ಅವರ ಒಂದೇ ಒಂದು ಸಣ್ಣ ಫೋಟೋವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದೆ. ನೀವು ಅದನ್ನು ದೊಡ್ಡದು ಮಾಡಿಸಿದಿರಿ, ಗಾಜನ್ನು ಹಳೇ ಪೇಪರಿನಿಂದ ಒರೆಸಿದಿರಿ, ಕಟ್ಟು ಕೂರಿಸಿದಿರಿ. ಆಮೇಲೆ ಮೇಜಿನ ಖಾನೆ ಎಳೆದು ಮತದಾರರ ಯಾದಿ ಹೊರತೆಗೆದಿರಿ. ಕಿವಿಗೆ ಸಿಕ್ಕಿಸಿಕೊಂಡಿದ್ದ ಕೆಂಪು ಪೆನ್ಸಿಲಿನಿಂದ ಅಪ್ಪನ ಹೆಸರಿನ ಮೇಲೆ ಒಂದು ಗೆರೆ. ಒಂದು ಸಣ್ಣ ಚೀಟಿಯ ಮೇಲೆ ಅಪ್ಪನ ಹೆಸರು, ಬೂತು, ಯಾದಿಯಲ್ಲಿನ ಸಂಖ್ಯೆ. ಅದನ್ನು ಫೋಟೋಕ್ಕೂ ರಟ್ಟಿಗೂ ನಡುವೆ ಇಟ್ಟು ಮೊಳೆ ಹೊಡೆದಿರಿ. ಇದೇನು ಎಂದು ಕೇಳಿದೆ.

“ಅವರ ಓಟು ಅವರ ಹತ್ರಾನೇ ಇರ್ಲಿ ತಂಗೀ,” ಅಂದಿರಿ. “ಹೊರಗ ಬಿಟ್ರ ಮತ್ಯಾರರೆ ಹಾಕಿ ಬರ್ತಾರ.”

ಆ ಮಾತು ನನಗೆ ಹಿಡಿಸಿತ್ತು. ಆದರೆ ಆ ಚೀಟಿ ಗೋಡೆಯ ಮೇಲೆ, ಅಪ್ಪನ ಬೆನ್ನಿಗೆ ಅಂಟಿಕೊಂಡು ಕೂತಿದೆ ಅನ್ನುವುದು ಮನೆಯಲ್ಲಿ ಒಬ್ಬಳೇ ಇದ್ದಾಗಲೆಲ್ಲ ನೆನಪಾಗುತ್ತಿತ್ತು. ಹೊಲಿಗೆ ಮಷೀನು ತುಳಿಯುತ್ತ ಕೂತವಳು ತಲೆಯೆತ್ತಿ ನೋಡುತ್ತಿದ್ದೆ. ಅಪ್ಪ ಯಾವುದೋ ಸರದಿಯಲ್ಲಿ ನಿಂತು ತಮ್ಮ ಹೆಸರು ಕೂಗುವುದನ್ನು ಕಾಯುತ್ತಿರುವಂತೆ ಕಾಣುತ್ತಿದ್ದರು.

ನಮ್ಮ ಓಣಿಗಳಲ್ಲಿ ಬದುಕಿದವರ ಫೋಟೋ ಗೋಡೆಗೆ ಹಾಕುವುದಿಲ್ಲ, ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ. ಹಾಗಾಗಿ ನಿಮ್ಮಲ್ಲಿಗೆ ಬರುವ ಮುಖಗಳೆಲ್ಲ ಸತ್ತವರವೇ. ಊರಿನಲ್ಲಿ ತೀರಿಕೊಂಡವರು ಗೋಡೆಗೆ ಹೋಗುವ ಮುಂಚೆ ನಿಮ್ಮ ಮೇಜಿನ ಮೇಲೆ ಒಂದೆರಡು ದಿನ ಮಲಗಿಯೇ ಹೋಗಬೇಕು. ನೀವು ಗಾಜು ಒರೆಸುತ್ತ ಅವರ ಜೊತೆ ಮಾತಾಡುತ್ತಿದ್ದಿರಿ, ಜರಾ ತಡೀರಿ, ನಿಮ್ಮ ಪಾಳಿ ಬರ್ತದ ಅಂತ. ಯಾರೂ ಒಯ್ಯಲು ಬಾರದ ಫೋಟೋಗಳನ್ನು ಮೇಲಿನ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದಿರಿ. ಈಗಲೂ ಇವೆ. ಇಷ್ಟು ಹೊತ್ತು ಬರೆಯುವಾಗ ನಾನು ಮೇಲೆ ನೋಡಿಲ್ಲ.

ವಾರ್ಡು ಮಹಿಳೆಗೆ ಮೀಸಲಾದಾಗ ಪಕ್ಷದವರು ಯಾರ ಹೆಂಡತಿಯನ್ನು ನಿಲ್ಲಿಸುವುದು ಎಂದು ಕಚ್ಚಾಡುತ್ತಿದ್ದರು. ಮೂವತ್ತು ವರ್ಷ ಅವರಿಗಾಗಿ ಬೂತಿನಲ್ಲಿ ಕೂತ ನೀವು ಮೊದಲ ಸಲ ಬಾಯಿ ಬಿಟ್ಟು, ಹೊಲಿಗೆ ಸುಮನಾಳನ್ನು ನಿಲ್ಲಿಸಿ ಎಂದಿರಿ. ನನಗೆ ಭಾಷಣ ಬಾರದು, ಜಗಳ ಮಾತ್ರ ಬರುತ್ತದೆ ಎಂದೆ. ಅಷ್ಟು ಬಂದರೆ ಸಾಕು ಎಂದು ನಕ್ಕಿರಿ. ಪ್ರಚಾರಕ್ಕೆ ಹೋದ ಮೊದಲ ಮನೆಯಲ್ಲೇ ನಾನು ಕೈಮುಗಿದು ಓಟು ಕೇಳಿದ್ದಕ್ಕೆ ಹೊರಗೆ ಬಂದ ಮೇಲೆ ಬೈದಿರಿ. ಒಳಗೆ ಹೋದ ಕೂಡಲೇ ಗೋಡೆ ನೋಡಬೇಕು, ಗೋಡೆಯ ಮೇಲಿದ್ದವರ ಹೆಸರು ಹೇಳಿ ಮಾತು ತೆಗೆಯಬೇಕು, ಓಟು ತಾನೇ ಬರುತ್ತದೆ ಎಂದು ಕಲಿಸಿದಿರಿ. ಕಾಕಾ, ಆ ವಿದ್ಯೆ ಇನ್ನೂ ನಡೆಯುತ್ತಿದೆ. ದಿಲ್ಲಿಯಲ್ಲಿ ಮಂತ್ರಿಗಳ ಮನೆಗೆ ಹೋದರೂ ನಾನು ಮೊದಲು ನೋಡುವುದು ಗೋಡೆಯನ್ನೇ.

ಈಗ ಆ ದಿನದ ಮಾತು. ಅದನ್ನು ಬರೆಯಲಿಕ್ಕೇ ಇಲ್ಲಿ ಕೂತಿದ್ದು, ಆದರೂ ಇಷ್ಟು ಹೊತ್ತು ಸುತ್ತಿ ಸುತ್ತಿ...

ಮತದಾನದ ದಿನ ಹತ್ತು ಗಂಟೆಯ ಬಿಸಿಲು. ನೀವು ಶಾಲೆಯ ಕೋಣೆಯಲ್ಲಿ ನನ್ನ ಏಜೆಂಟರಾಗಿ ಕೂತಿದ್ದಿರಿ, ತೊಡೆಯ ಮೇಲೆ ಯಾದಿ. ನಾನು ಬಾಗಿಲ ಹತ್ತಿರ ನಿಂತಿದ್ದೆ. ಬಿಳಿ ಧೋತರ, ಬಿಳಿ ಅಂಗಿ, ಗಾಂಧಿ ಟೋಪಿಯ ಒಬ್ಬರು ಒಳಗೆ ಬಂದರು. ಕೈಯಲ್ಲಿ ಚೀಟಿ ಇರಲಿಲ್ಲ. ಹೆಸರು ತುಕಾರಾಮ ಎಂದರು. ನೀವು ಯಾದಿ ನೋಡಿದಿರಿ, ಆ ಹೆಸರಿನ ಮೇಲೆ ನಿಮ್ಮದೇ ಕೆಂಪು ಗೆರೆ ಇತ್ತು. ಎದ್ದು ನಿಂತು ಅಧಿಕಾರಿಗೆ ಹೇಳಿದಿರಿ: ಈ ಹೆಸರಿನವರು ತೀರಿಕೊಂಡಿದ್ದಾರೆ, ಅವರ ಫೋಟೋಕ್ಕೆ ನಾನೇ ಕಟ್ಟು ಹಾಕಿದ್ದೇನೆ, ಇವರು ಬೇರೆ ಯಾರೋ. ಅಧಿಕಾರಿ ಕಾರ್ಡು ಕೇಳಿದರು. ಪುಣೆಯಲ್ಲಿ ಕೆಲಸದ ಜಾಗದಲ್ಲಿ ಉಳಿದಿದೆ ಎಂದರು ಅವರು. ಆಗೆಲ್ಲ ಎಲ್ಲರೂ ಕಾರ್ಡು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿರಲಿಲ್ಲವಲ್ಲ. ಎದುರು ಪಕ್ಷದ ಏಜೆಂಟು ಆಗಷ್ಟೇ ಚಹಾಕ್ಕೆ ಎದ್ದುಹೋಗಿದ್ದ. ಇಲ್ಲಿ ಇವರನ್ನು ಗುರುತಿಸುವವರು ಯಾರಾದರೂ ಇದ್ದೀರಾ ಎಂದು ಅಧಿಕಾರಿ ಸುತ್ತ ನೋಡಿದರು.

“ನಾ ಇದ್ದೇನ್ರಿ,” ಅಂದರು ಅವರು, ಅಧಿಕಾರಿಗೆ. ಆಮೇಲೆ ನನ್ನ ಕಡೆ ತಿರುಗಿದರು. “ತಂಗೀ, ನೀ ಹೇಳು. ನಾ ಇದ್ದೇನೋ ಇಲ್ಲೋ?”

ನಾನು ಅವರನ್ನು ಬಾಗಿಲಲ್ಲೇ ಗುರುತಿಸಿದ್ದೆ ಕಾಕಾ. ತುಕಾರಾಮಣ್ಣ ನಮ್ಮ ಘಾಟಬೋರಾಳದವರು. ಅಪ್ಪನ ಜೊತೆ ಹೊಲದ ಕೂಲಿಗೆ ಹೋಗುತ್ತಿದ್ದವರು. ನಾಲೆಯಲ್ಲಿ ನೀರು ಬಂದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಯ ದಂಡೆಗೆ ದಾಟಿಸುತ್ತಿದ್ದವರು. ಆಮೇಲೆ ನಮ್ಮ ಹಾಗೇ ಅವರೂ ಹುಮನಾಬಾದಿಗೆ, ಹೆಂಡತಿ ಕಮಲಾಬಾಯಿಯ ತವರಿನ ಓಣಿಗೆ ಬಂದರು, ಅಲ್ಲಿಂದ ಕಟ್ಟಡದ ಕೆಲಸಕ್ಕೆ ಪುಣೆಗೆ ಹೋದರು. ಆ ತವರಿನವರೆಲ್ಲ ಎದುರು ಪಕ್ಷದವರು. ಅವರ ಓಟು ನನಗೆ ಬೀಳುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದೊಂದು ಓಟಿಗೂ ತಿಣುಕುತ್ತಿದ್ದೆವು.

“ನನಗ ಗುರುತಿಲ್ರಿ,” ಅಂದೆ.

ಅವರು ಸಿಟ್ಟಾಗಲಿಲ್ಲ. ತಮ್ಮ ಎರಡೂ ಕೈಗಳನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ಆಮೇಲೆ ಹೊರಗೆ ಹೋಗಿ ಶಾಲೆಯೆದುರಿನ ಬೇವಿನ ಗಿಡದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದರು. ಎದುರು ಪಕ್ಷದವರು ಗದ್ದಲ ಎಬ್ಬಿಸಿದರು, ಅರ್ಜಿ ಬರೆದು ಸಹಿ ಹಾಕು ಎಂದು ಬೆನ್ನು ಹತ್ತಿದರು. ಅವರು ಹಾಕಲಿಲ್ಲ. ಸಂಜೆಯ ಬಸ್ಸಿಗೆ ಪುಣೆಗೆ ಹೋದರು.

ಎಣಿಕೆಯಲ್ಲಿ ನಾನು ಒಂದು ಓಟಿನಿಂದ ಗೆದ್ದೆ.

ಒಂದು! ಓಣಿಯ ತುಂಬ ಗುಲಾಲು. ನೀವು ಮಾತ್ರ ಅಂಗಡಿಯಲ್ಲಿ ಕೂತು, ಮೊದಲೇ ಹೊಳೆಯುತ್ತಿದ್ದ ಗಾಜನ್ನು ಮತ್ತೆ ಮತ್ತೆ ಒರೆಸುತ್ತಿದ್ದಿರಿ. ಕೇಳಿದವರಿಗೆಲ್ಲ ನಿಮ್ಮದೊಂದೇ ಉತ್ತರ. ಅವರ ಹೆಂಡತಿಯ ತಮ್ಮ ಫೋಟೋ ತಂದು ಕೊಟ್ಟ, ನಾನು ಸತ್ತಿದ್ದಾರೆ ಎಂದು ತಿಳಿದೆ, ನನ್ನ ತಪ್ಪು. ಆ ಮಾತು ಖರೆಯೂ ಇತ್ತು. ಗಂಡ ದೂರದೂರಲ್ಲಿ ಇರುತ್ತಾನೆ, ಮುಖವಾದರೂ ಕಣ್ಣ ಮುಂದೆ ಇರಲಿ ಎಂದು ಕಮಲಾಬಾಯಿ ಆಸೆಪಟ್ಟು ಕಟ್ಟು ಹಾಕಿಸಿದ್ದಳಂತೆ. ಬದುಕಿದವರ ಫೋಟೋ ತಂದ ಮನೆ ನಿಮ್ಮ ಇಡೀ ಆಯುಷ್ಯದಲ್ಲಿ ಅದೊಂದೇ. ನಿಮ್ಮ ತಪ್ಪನ್ನು ಜನ ಒಪ್ಪಿಕೊಂಡರು. ನಾನೂ ಒಪ್ಪಿಕೊಂಡೆ. ಕಾಕಾ ತಿಳಿಯದೆ ಮಾಡಿದರು, ತಿಳಿದು ಮಾಡಿದವಳು ನಾನೊಬ್ಬಳೇ ಎಂದುಕೊಂಡೆ. ನಿಮಗೆ ಹೇಳಿದರೆ ನೀವು ನನ್ನ ಮುಖ ನೋಡುವುದಿಲ್ಲ ಎಂಬ ಭಯ.

ಆ ವರ್ಷದ ದಸರಾಕ್ಕೆ ತುಕಾರಾಮಣ್ಣ ಪುಣೆಯಲ್ಲಿ ಜ್ವರ ಬಂದು ತೀರಿಕೊಂಡರು ಎಂದು ಸುದ್ದಿ ಬಂತು. ಬೂದಿ ಮಾತ್ರ ಊರಿಗೆ ಬಂತು. ನಾನೇನು ಮಾಡಿದೆ ಗೊತ್ತೇ? ನಿಟ್ಟುಸಿರು ಬಿಟ್ಟೆ. ಯಾದಿ ಈಗ ಸರಿಹೋಯಿತು ಅನ್ನಿಸಿತು. ಇಷ್ಟು ವರ್ಷದ ಮೇಲೂ ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ವಾರ್ಡಿಗೆ ಎರಡನೆಯ ಸಲ ನಿಂತ ಚುನಾವಣೆಯಲ್ಲಿ, ಅವರು ಸತ್ತ ಮೇಲೆ, ಅವರನ್ನು ಮೊದಲ ಸಲ ಕಂಡೆ. ಹಾಡುಹಗಲು, ಹತ್ತು ಗಂಟೆ. ಬೇವಿನ ಕೆಳಗೆ, ಬಿಳಿ ಅಂಗಿ, ಟೋಪಿ. ಸರದಿಯ ಜನ ಅವರ ಎರಡೂ ಬದಿಗೆ ಹಾದು ಹೋಗುತ್ತಿದ್ದರು. ಬಿಸಿಲಿಗೆ ಕಣ್ಣು ಮಂಜಾಗಿದೆ ಎಂದುಕೊಂಡು ನೀರು ಕುಡಿದೆ. ಹನ್ನೊಂದಕ್ಕೂ ಇದ್ದರು. ಏನೂ ಕೇಳಲಿಲ್ಲ, ಹತ್ತಿರ ಬರಲಿಲ್ಲ. ಎರಡು ಕೈಗಳನ್ನೂ ಮುಂದೆ ಹಿಡಿದುಕೊಂಡು ನೋಡಿಕೊಳ್ಳುತ್ತಿದ್ದರು. ಆ ಸಲ ನಾನು ದೊಡ್ಡ ಅಂತರದಲ್ಲಿ ಗೆದ್ದೆ, ಪುರಸಭೆಯ ಅಧ್ಯಕ್ಷೆಯೂ ಆದೆ. ಹಾರ ಹಾಕಿಸಿಕೊಳ್ಳುವಾಗಲೆಲ್ಲ ಕುತ್ತಿಗೆಯ ಮೇಲೆ ಹೂವಿನ ತಂಪು ತಾಗಿ ಮೈ ಜುಮ್ಮೆನ್ನುತ್ತಿತ್ತು. ಹಾರ ಹಾಕಿದ ಮುಖಗಳನ್ನು ನಾನು ಎಲ್ಲಿ ನೋಡುತ್ತ ಬೆಳೆದವಳು?

ನನ್ನನ್ನು ವಿಧಾನಸಭೆಗೆ ಬಸವಕಲ್ಯಾಣದಿಂದ ನಿಲ್ಲಿಸಿದಾಗ ಒಳಗೊಳಗೇ ಖುಷಿಪಟ್ಟೆ. ಬೇವಿನ ಗಿಡ ಹುಮನಾಬಾದಿನಲ್ಲಿ ಉಳಿಯಿತಲ್ಲ! ಮತದಾನದ ದಿನ ನಾವು ಹಳ್ಳಿ ಹಳ್ಳಿ ಸುತ್ತುತ್ತಿದ್ದೆವು. ನೀವು ಮುಂದೆ, ನಾನು ಹಿಂದೆ, ಸ್ಟೇರಿಂಗ್ ಹಿಡಿದವನು ಇಸ್ಮಾಯಿಲ್. ಗೋರ್ಟಾದ ಶಾಲೆಯ ಹತ್ತಿರ ಗಾಡಿ ನಿಂತಾಗ ಕಂಡರು. ಅಲ್ಲಿ ಬೇವಿರಲಿಲ್ಲ, ಒಂದು ಹುಣಸೆ ಗಿಡ, ಅದರ ಕೆಳಗೆ. ಅಲ್ಲಿ ಟೋಪಿ ಹಾಕಿಕೊಂಡವರು ಯಾರು ಎಂದು ಇಸ್ಮಾಯಿಲನನ್ನು ಕೇಳಿದೆ. ಅವನು ಗಾಜು ಇಳಿಸಿ ನೋಡಿ, ಗಿಡದ ಕೆಳಗೆ ಒಂದು ಆಡು ಕಟ್ಟಿದ್ದಾರೆ, ಅಷ್ಟೇ ಎಂದ. ನೀವು ಮಾತ್ರ ತಿರುಗಿ ನೋಡದೆಯೇ ಹೇಳಿದಿರಿ:

“ನೋಡಬ್ಯಾಡ ಸುಮನಾ. ಸೀದಾ ಮುಂದ ನೋಡು.”

ಅಂದರೆ ನಿಮಗೂ ಕಾಣುತ್ತಿದ್ದರು. ಯಾವಾಗಿನಿಂದ? ಬಸವಕಲ್ಯಾಣಕ್ಕೆ ವಾಪಸು ಬರುವ ದಾರಿಯುದ್ದಕ್ಕೂ ನಾವಿಬ್ಬರೂ ಸೀದಾ ಮುಂದೆಯೇ ನೋಡಿದೆವು. ಹಿಂದೆ ಯಾರಾದರೂ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ನಿಮ್ಮ ಕೊನೆಯ ಬೇಸಿಗೆಯಲ್ಲಿ ನೋಡಲು ಬಂದಾಗ ನೀವು ಇದೇ ಮೇಜಿನ ಮೇಲೆ ನಿಮ್ಮದೇ ಫೋಟೋ ಇಟ್ಟುಕೊಂಡು ಕೂತಿದ್ದಿರಿ. ಆ ವಯಸ್ಸಿನಲ್ಲೂ ಒಂದು ಮೊಳೆಯೂ ಓರೆಯಾಗಲಿಲ್ಲ. ತಮಾಷೆಗೆ, ಬದುಕಿದವರ ಫೋಟೋ ಕಟ್ಟಬಾರದು ಅಂತ ಊರಿಗೆಲ್ಲ ಹೇಳುವವರು ನೀವೇ ಅಲ್ಲವೇ ಎಂದೆ. ನೀವು ನಗಲಿಲ್ಲ. ನನ್ನದು ನಾನೇ ಕಟ್ಟಿದ್ದೇನೆ, ಇದರ ಹಿಂದಿನ ರಟ್ಟನ್ನು ಮಾತ್ರ ಯಾರೂ ಬಿಚ್ಚಬಾರದು ಎಂದಿರಿ. ನಿಮ್ಮ ಚೀಟಿ ನೀವೇ ಬರೆದು ಇಟ್ಟುಕೊಂಡಿದ್ದೀರಿ ಎಂದು ನಾನು ತಿಳಿದೆ. ಹದಿನೈದು ದಿನಕ್ಕೆ ನೀವು ಹೋದಿರಿ. ಹಾರವನ್ನು ನಾನೇ ಹಾಕಿದೆ.

ನೀವಿಲ್ಲದೆ ಎದುರಿಸಿದ ಮೊದಲ ಚುನಾವಣೆ ಲೋಕಸಭೆಯದು. ಈಗ ಚೀಟಿ ಮೊಬೈಲಿಗೆ ಹೋಗುತ್ತದೆ ಕಾಕಾ, ಕೆಂಪು ಪೆನ್ಸಿಲು ಹಿಡಿದವರು ಯಾರೂ ಇಲ್ಲ. ಗೆದ್ದೆ. ದಿಲ್ಲಿಗೆ ಹೋದೆ. ಪ್ರಮಾಣವಚನದ ದಿನ ನನ್ನ ಹೆಸರು ಕರೆದರು, ಎದ್ದು ನಡೆದೆ, ಕಾಗದ ಕೈಗೆತ್ತಿಕೊಂಡೆ. ಸುಮ್ಮನೆ ಒಮ್ಮೆ ಮೇಲೆ ನೋಡಿದೆ. ಪ್ರೇಕ್ಷಕರು ಕೂರುವ ಗ್ಯಾಲರಿಯ ಎರಡನೆಯ ಸಾಲಿನಲ್ಲಿ ಬಿಳಿ ಟೋಪಿ. ಘಾಟಬೋರಾಳದ ನಾಲೆ ದಾಟಿಸಿದವರು ಇಲ್ಲಿಯವರೆಗೂ ದಾಟಿಸಿಕೊಂಡು ಬಂದಿದ್ದರು. ಸತ್ಯ, ನಿಷ್ಠೆ ಎಂದೆಲ್ಲ ಓದಬೇಕಲ್ಲ, ಒಂದೇ ಸಾಲನ್ನು ಎರಡೆರಡು ಸಲ ಓದಿದೆ. ಯಾರೋ ನೀರಿನ ಗ್ಲಾಸು ಕೊಟ್ಟರು. ಮರುದಿನ ಪತ್ರಿಕೆಯಲ್ಲಿ ‘ಭಾವುಕರಾದ ಸಂಸದೆ’ ಎಂದು ಬಂದಿತ್ತು.

ಅಲ್ಲಿಂದೀಚೆಗೆ ಕನ್ನಡಿಯ ಮುಂದೆ ನಿಂತಾಗಲೆಲ್ಲ ನನ್ನ ಕೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತೇನೆ.

ನಿನ್ನೆ ಬೆಳಿಗ್ಗೆ, ಪೊಲೀಸರನ್ನು ಓಣಿಯ ಬಾಯಲ್ಲೇ ನಿಲ್ಲಿಸಿ, ಕಮಲಾಬಾಯಿಯ ಮನೆಗೆ ಒಬ್ಬಳೇ ಹೋದೆ. ನೀವು ಕಲಿಸಿದಂತೆ ಮೊದಲು ಗೋಡೆ ನೋಡಿದೆ. ಇದ್ದರು, ನೀವು ಹಾಕಿದ ಕಟ್ಟಿನಲ್ಲೇ. ಕೆಳಗೆ ಕುರ್ಚಿಯ ಮೇಲೆ ಒಗೆದು ಮಡಚಿಟ್ಟ ಬಿಳಿ ಅಂಗಿ, ಧೋತರ, ಅವುಗಳ ಮೇಲೆ ಟೋಪಿ. ಮುದುಕಿಗೆ ನನ್ನ ಗುರುತು ಸಿಕ್ಕಿತು. ಬರ್ರಿ ಕೂಡ್ರಿ ಎಂದಳು. ಈ ಅರಿವೆಗಳು ಯಾಕೆ ಎಂದು ಕೇಳಿದೆ.

“ಓಟಿನ ದಿನ ಒಗೆದು ಇಡ್ತೀನ್ರಿ,” ಅಂದಳು, ದಿನದ ಕೆಲಸದ ಮಾತು ಹೇಳುವ ಹಾಗೆ. “ಸಂಜೀಕ ನೋಡಿದ್ರ ಧೋತರದ ಅಂಚಿಗೆ ಧೂಳ ಇರ್ತದ. ಈ ಸಲ ಭಾಳ ಇತ್ತು, ಮತ್ತ ಒಗೆದು ಇಟ್ಟೀನಿ.”

ಅಂದು ನಾನು ಗುರುತು ಹಿಡಿದಿದ್ದೆ, ಸುಳ್ಳು ಹೇಳಿದೆ ಎಂದು ನೆಲ ನೋಡುತ್ತ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳದ ಮಾತು ಎರಡು ವಾಕ್ಯದಲ್ಲಿ ಮುಗಿದುಹೋಯಿತು. ಅವಳು ಬೈಯಲಿಲ್ಲ. ಅವಳಿಗೆ ಅದು ಹೊಸದೂ ಅಲ್ಲ. ಗಂಡ ಅಂದೇ ಮನೆಗೆ ಬಂದು ಹೇಳಿದ್ದರಂತೆ: ಹೆಗಲ ಮೇಲೆ ಹೊತ್ತ ಹುಡುಗಿಯೇ ಗುರುತಿಲ್ಲ ಅಂದ ಮೇಲೆ ನಾನು ಯಾರಿಗೆ ಸಹಿ ಹಾಕಿಕೊಡಲಿ ಅಂತ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು.

“ಮುಂಜಾನಿ ಬಸ್ ಇಳಿದಾಗ ಮಾಣಿಕ ಕಾಕಾ ನೋಡ್ಯಾರಂತ್ರಿ. ಚೀಟಿ ಬರದು ಕೈಯಾಗ ಹಿಡಕೊಂಡು ದುಕಾನದ ಬಾಗಲದಾಗ ನಿಂತಿದ್ರಂತ. ಇವರು ನಮಸ್ಕಾರ ಅಂದ್ರ ಒಳಗ ಹೋದ್ರಂತ.”

ಕಾಕಾ, ಆ ಬಸ್ ಸ್ಟ್ಯಾಂಡು ನಿಮ್ಮ ಅಂಗಡಿಯ ಎದುರಿಗೇ ಇದೆ. ಈಗಲೂ ಇಲ್ಲಿ ಕೂತರೆ ಇಳಿಯುವವರ ಮುಖ ಒಂದೊಂದಾಗಿ ಕಾಣುತ್ತದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ನನಗೆ ಅದು ಹೊಳೆಯಲಿಲ್ಲವೇ, ಅಥವಾ ಹೊಳೆಯುವುದು ಬೇಡವಾಗಿತ್ತೇ?

ಇವತ್ತು ಮಧ್ಯಾಹ್ನ ಬಂದವಳೇ ಚಹಾ ಕುಡಿದು, ಗೋಡೆಯಿಂದ ನಿಮ್ಮನ್ನು ಇಳಿಸಿದೆ. ಬೇಡ ಎಂದಿದ್ದಿರಿ, ಬಿಚ್ಚಿದೆ. ರೇಣುಕಾ ನೋಡಲಾರದೆ ಒಳಗೆ ಹೋದಳು. ಮೊಳೆಗಳು ಒಂದೊಂದಾಗಿ ಸಲೀಸಾಗಿ ಬಂದವು, ಯಾರೋ ಆಗಾಗ ತೆಗೆದು ಹಾಕುತ್ತಿದ್ದಂತೆ. ರಟ್ಟಿನ ಕೆಳಗೆ ನಿಮ್ಮ ಹೆಸರಿನ ಚೀಟಿ ಇರಲಿಲ್ಲ. ಇದ್ದದ್ದು ಹಳದಿಯಾದ ಇನ್ನೊಂದು ಚೀಟಿ. ತುಕಾರಾಮ. ನಮ್ಮ ವಾರ್ಡು, ಆ ಬೂತು. ಅದರ ಹಿಂದೆ ಕೆಂಪು ಪೆನ್ಸಿಲಿನಲ್ಲಿ ನಿಮ್ಮ ಅಕ್ಷರ: ‘ಇದ್ದಾನ. ಮುಂಜಾನೆ ಕಂಡೀನಿ. ಕೊಡಲಿಲ್ಲ.’

ಹಾಗಾದರೆ ನಿಮಗೂ ಗೊತ್ತಿತ್ತು. ನನಗಿಂತ ಮೂರು ಗಂಟೆ ಮುಂಚೆಯೇ ಗೊತ್ತಿತ್ತು. ಸುಮನಾ ಚಿಕ್ಕವಳಿದ್ದಾಗ ನೋಡಿದವಳು, ನಿಜವಾಗಿಯೂ ಗುರುತು ಸಿಕ್ಕಿರಲಿಕ್ಕಿಲ್ಲ ಎಂದು ನೀವು ತಿಳಿದಿರಬೇಕು. ಕಾಕಾ ಫೋಟೋ ನೋಡಿ ಮೋಸಹೋದರು ಎಂದು ನಾನು ತಿಳಿದೆ. ಒಬ್ಬರನ್ನೊಬ್ಬರು ಕಾಪಾಡುತ್ತಿದ್ದೇವೆ ಎಂದುಕೊಂಡು ಇಷ್ಟು ವರ್ಷ ಎದುರುಬದುರು ಕೂತು ಚಹಾ ಕುಡಿದೆವು! ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಇನ್ನೊಬ್ಬರು ಅತ್ತುಬಿಡುತ್ತಿದ್ದರು, ಇಬ್ಬರೂ ಕೂಡಿ ಆ ಮನೆಗೆ ಹೋಗುತ್ತಿದ್ದೆವು. ಅವರು ಬದುಕಿರುವಾಗಲ್ಲದಿದ್ದರೂ... ಹೋಗುತ್ತಿದ್ದೆವು ಅಲ್ಲವೇ?

ನಿಮ್ಮ ಮೇಲೆ ಸಿಟ್ಟು ಬಂತು. ಯಾಕೆ ಸುಳ್ಳು ಹೇಳಲಿ, ಈಗಲೂ ಇದೆ. ನನ್ನನ್ನು ಕಟ್ಟಿದವರು ನೀವು, ಆದರೆ ಹಿಂದಿನ ರಟ್ಟಿನೊಳಗೆ ಏನಿಟ್ಟು ಕಟ್ಟಿದಿರಿ ಎಂದು ಹೇಳದೆ ಹೋದಿರಿ. ಆದರೂ ನಿಮ್ಮ ಅಕ್ಷರ ಕಂಡ ಕೂಡಲೇ ಅಳು ಬಂದದ್ದು ಸಿಟ್ಟಿನಿಂದಲ್ಲ.

ಆ ಚೀಟಿ ಹಿಡಿದುಕೊಂಡು ಈಗಷ್ಟೇ ಕಮಲಾಬಾಯಿಯ ಮನೆಗೆ ಹೋಗಿ ಬಂದೆ. ಅವಳ ಕೈಗೆ ಕೊಟ್ಟೆ. ಅವಳಿಗೆ ಓದಲು ಬಾರದು, ಓದಿ ಹೇಳಿದೆ. ‘ಇದ್ದಾನ’ ಅನ್ನುವುದನ್ನು ಇನ್ನೊಮ್ಮೆ ಓದು ಎಂದಳು. ಓದಿದೆ. ಆಮೇಲೆ ಫೋಟೋದ ಮುಂದೆ ನಿಂತು, ಅಂದು ಕೋಣೆಯಲ್ಲಿ ಹೇಳಬೇಕಾಗಿದ್ದ ಮಾತನ್ನು ಹೇಳಿದೆ: ಇವರು ತುಕಾರಾಮಣ್ಣ, ನಮ್ಮೂರಿನವರು, ನನಗೆ ಗುರುತಿದೆ, ಇದ್ದಾರೆ. ಕಮಲಾಬಾಯಿ ಕುರ್ಚಿಯ ಮೇಲಿನ ಅರಿವೆಗಳನ್ನು ಎತ್ತಿ ಟ್ರಂಕಿನಲ್ಲಿಟ್ಟಳು. ಆದರೆ ಚೀಟಿಯನ್ನು ಫೋಟೋದ ಹಿಂದೆ ಇಡಲು ಹೋದಾಗ ನನ್ನ ಕೈ ಹಿಡಿದಳು. ಅವರನ್ನು ಇಲ್ಲ ಅಂದದ್ದು ನಾಲ್ಕು ಜನರ ಮುಂದೆ, ಇದ್ದಾರೆ ಅನ್ನುವುದು ಮಾತ್ರ ಗೋಡೆಯ ಮುಂದೆಯೇ ಎಂದು ಕೇಳಿದಳು. ಚೀಟಿಯನ್ನು ತಿರುಗಿ ನನ್ನ ಕೈಗೇ ಕೊಟ್ಟಳು.

ವಾಪಸು ಬರುವಾಗ ಶಾಲೆಯ ಮುಂದೆ ಇಸ್ಮಾಯಿಲನಿಗೆ ನಿಲ್ಲಿಸಲು ಹೇಳಿದೆ. ಬಯಲಿನಲ್ಲಿ ನಾಳೆಗೆ ಪೆಂಡಾಲು ಏಳುತ್ತಿತ್ತು, ಮೈಕಿನವರು ಕಂಬ ನೆಡುತ್ತಿದ್ದರು. ಬೇವಿನ ಕಡೆ ನೋಡಿದೆ. ಬಿಳಿ ಟೋಪಿ ಇರಲಿಲ್ಲ. ಬಿಸಿಲು ಗಿಡದ ಬುಡದವರೆಗೂ ಇಳಿದಿತ್ತು. ಅಬ್ಬಾ ಅಂದುಕೊಂಡೆ.

ಆಮೇಲೆ ನಿಮ್ಮನ್ನು ಕಂಡೆ.

ಬೊಡ್ಡೆಗೆ ಆತುಕೊಂಡು ಕೂತಿದ್ದಿರಿ, ತೊಡೆಯ ಮೇಲೆ ಯಾದಿ, ಕಿವಿಯಲ್ಲಿ ಪೆನ್ಸಿಲು. ನನ್ನ ಕಡೆ ನೋಡಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸುತ್ತಿದ್ದಿರಿ, ಬೆರಳಿಟ್ಟು ಒಂದೊಂದೇ ಹೆಸರು ದಾಟುತ್ತಿದ್ದಿರಿ. ಯಾರ ಹೆಸರು ಹುಡುಕುತ್ತಿದ್ದಿರಿ ಕಾಕಾ? ಅಲ್ಲಿ ಯಾರಾದರೂ ಕಾಣುತ್ತಿದ್ದಾರೆಯೇ ಎಂದು ಇಸ್ಮಾಯಿಲನನ್ನು ಕೇಳಲು ಬಾಯಿ ತೆರೆದವಳು, ಗಾಡಿ ಬಿಡು ಎಂದೆ.

ನಾಳೆ ನಾನು ಹೇಳುತ್ತೇನೆ. ಅದೇ ಬಯಲಿನಲ್ಲಿ, ಮೈಕಿನಲ್ಲಿ, ಹಾರ ಹಾಕುವ ಮುಂಚೆ. ಕಮಲಾಬಾಯಿಯನ್ನು ಮೊದಲ ಸಾಲಿನಲ್ಲಿ ಕೂರಿಸುತ್ತೇನೆ. ಒಂದು ಓಟಿನಿಂದ ಗೆದ್ದವಳು ಯಾರ ಓಟು ತಡೆದು ಗೆದ್ದಳು ಎಂದು ಅವರ ಹೆಸರು ಹಿಡಿದು ಹೇಳುತ್ತೇನೆ. ನಿಮ್ಮ ಹೆಸರನ್ನೂ ಹೇಳುತ್ತೇನೆ, ಸಿಟ್ಟಾಗಬೇಡಿ. ಪಕ್ಷದವರು ಏನು ಮಾಡುತ್ತಾರೋ, ಈ ಕುರ್ಚಿ ಉಳಿಯುತ್ತದೋ ಹೋಗುತ್ತದೋ ಗೊತ್ತಿಲ್ಲ. ಹೆದರಿಕೆ ಇದೆ. ಆದರೆ ಸೀದಾ ಮುಂದೆ ನೋಡುವುದು ನನಗೆ ಸಾಕಾಗಿದೆ. ಹೇಳಿದ ಮೇಲೆ ಆ ಚೀಟಿಯನ್ನು ಕಮಲಾಬಾಯಿಯ ಕೈಯಿಂದಲೇ ಅವರ ಫೋಟೋದ ಹಿಂದೆ ಇಡಿಸುತ್ತೇನೆ.

ಈ ಕಾಗದವನ್ನು ನಿಮ್ಮ ರಟ್ಟಿನೊಳಗೆ ಇಟ್ಟು ಮೊಳೆ ಹೊಡೆಯುತ್ತಿದ್ದೇನೆ, ಆ ಚೀಟಿ ಇದ್ದ ಜಾಗದಲ್ಲಿ. ನನ್ನ ಫೋಟೋದ ಹಿಂಬದಿ ಇನ್ನೂ ತೆರೆದೇ ಇದೆ, ನಾಳೆ ಆ ಮಾತು ಹೇಳುವವರೆಗೆ ಅದಕ್ಕೆ ಮೊಳೆ ಬೀಳುವುದು ಬೇಡ. ಬೆಳಿಗ್ಗೆ ಹತ್ತು ಗಂಟೆಯವರೆಗೆ ಪೆನ್ಸಿಲು ಕಿವಿಯಲ್ಲೇ ಇರಲಿ ಕಾಕಾ, ನನ್ನ ಹೆಸರಿಗೆ ಗೆರೆ ಎಳೆಯಬೇಡಿ.

ನಾ ಇದ್ದೇನ್ರಿ.

ನಿಮ್ಮ
ಸುಮನಾ